ಸಣ್ಣತಾಯಮ್ಮ ಚುಚ್ಚಿ ನೋಡಿದ ಪೊಟ್ಟಣ

ನಮ್ಮ ಕೆಳಗಲಕೊಪ್ಪಲಿಗೂ ಮದ್ದೂರಿಗೂ ನಡುವೆ ಇರುವುದು ಒಂದು ತಗ್ಗು ಸೇತುವೆ. ಶಿಂಷಾ ಹೊಳೆ ತುಂಬಿತೆಂದರೆ ಅದು ಮುಳುಗುತ್ತದೆ. ಆಮೇಲೆ ಒಂದು ದಿನವೋ ಎರಡು ದಿನವೋ ಬಸ್ಸಿಲ್ಲ, ಕರೆಂಟಿಲ್ಲ, ಹಾಲಿನ ವ್ಯಾನಿಲ್ಲ. ಕೆಳಗಿನ ಬೀದಿಯ ಅಡುಗೆಮನೆಗಳಿಗೆ ನೀರು ನುಗ್ಗಿ ಒಲೆ, ಸೌದೆ, ಹಿಟ್ಟಿನ ಡಬ್ಬ ಎಲ್ಲ ನೆನೆಯುತ್ತವೆ. ದಿಬ್ಬದ ಮೇಲಿನ ಶಾಲೆಗೆ ಹತ್ತಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಸಿದಿರಬೇಕು. ಹಿಂದಿನ ಸಲ ದೋಣಿ ಬರುವಷ್ಟರಲ್ಲಿ ಮಕ್ಕಳು ಹಸಿ ಅಕ್ಕಿ ಜಗಿಯುತ್ತಿದ್ದವು.

ನಾನು ಕುಸುಮ, ಈ ಊರಿನ ಆಶಾ ಕಾರ್ಯಕರ್ತೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಊರೆಲ್ಲ ಹೇಳುತ್ತದೆ. ಹೌದು, ಬರುತ್ತದೆ. ಈ ಸಂಗತಿಯಲ್ಲಿ ಅದು ಯಾರ ಮೇಲೆ ಬಂತು ಅನ್ನುವುದನ್ನೂ ಹೇಳುತ್ತೇನೆ, ಕೇಳಿ.

ಈ ಮಳೆಗಾಲಕ್ಕೆ ಮುಂಚೆ ನಮ್ಮ ಮಹಿಳಾ ಸಂಘಕ್ಕೆ ತಾಲೂಕು ಕಚೇರಿಯಿಂದ ರಟ್ಟಿನ ಪೆಟ್ಟಿಗೆಗಳು ಬಂದವು. ಒಳಗೆ ಸೈನಿಕರು ಗಡಿಯಲ್ಲಿ ತಿನ್ನುವಂಥ ಸಿದ್ಧ ಊಟದ ಪೊಟ್ಟಣಗಳು. ಮನೆಗೆ ಆರು. ಹೇಗೆ ಬಳಸಬೇಕೆಂದು ತೋರಿಸಲು ಮಳವಳ್ಳಿಯಿಂದ ಚಲುವರಾಜು ಬಂದಿದ್ದರು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ನಿವೃತ್ತರಾದವರು. ಹೊಂಗೆ ಮರದ ಕೆಳಗೆ ಹೆಂಗಸರೆಲ್ಲ ಸುತ್ತ ಕೂತರು. ಯಾರೊಬ್ಬರ ಮುಖದಲ್ಲೂ ನಂಬಿಕೆ ಇರಲಿಲ್ಲ.

ಮೊದಲು ಬಾಯಿ ಬಿಟ್ಟವಳು ಸಣ್ಣತಾಯಮ್ಮ. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಚೀಲ ಹೊಲಿದ ಹೆಂಗಸು.

"ಸುಮ್‌ಸುಮ್ಕೆ ಯಾರ್ ಕೊಟ್ಟಾರು ಊಟವ? ಎಲೆಕ್ಷನ್ ಬತ್ತಾ ಅದಾ?"

"ಎಲೆಕ್ಷನ್ನೂ ಇಲ್ಲ, ಏನೂ ಇಲ್ಲ. ಹೊಳೆ ಬಂದಾಗ ನೀವು ಉಪವಾಸ ಇರಬಾರದು ಅಂತ ಕೊಡೋದು. ವರ್ಷಗಟ್ಟಲೆ ಕೆಡಲ್ಲ ಇದು" ಎಂದರು ಚಲುವರಾಜು.

"ವರ್ಸಗಟ್ಲೆ ಕೆಡಕಿಲ್ಲ ಅಂತೀಯಲ್ಲ, ನಮ್ಮನೆ ಎಸ್ರು ಸಂಜೆಗೇ ಹುಳಿಯಾಯ್ತದೆ. ಇದ್ಕೇನ್ ಇಸ ಆಕವ್ರೆ, ಅದ ಹೇಳಪ್ಪ ಮೊದ್ಲು."

"ವಿಷ ಅಲ್ಲ ಕಣಮ್ಮ. ಊಟವ ಪೊಟ್ಟಣಕ್ಕೆ ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ಆಮೇಲೆ ದೊಡ್ಡ ಕುಕ್ಕರಿನಂಥದ್ರಲ್ಲಿ ಪೊಟ್ಟಣದ ಸಮೇತ ಬೇಯಿಸ್ತಾರೆ. ಒಳಗಿನ ಕ್ರಿಮಿ ಸಾಯ್ತದೆ. ಹೊರಗಿನ ಕ್ರಿಮಿಗೆ ಒಳಗೆ ಬರೋಕೆ ದಾರಿ ಇಲ್ಲ. ಮುಚ್ಚಿರೋವರೆಗೆ ಕೆಡಲ್ಲ."

ಅವರು ಪೊಟ್ಟಣದ ಜೊತೆಗೇ ಬಂದಿದ್ದ, ತಳದಲ್ಲಿ ಬಿಸಿ ಮಾಡುವ ಪುಡಿ ಇರುವ ಒಂದು ತೆಳು ಚೀಲದೊಳಗೆ ಊಟದ ಪೊಟ್ಟಣವನ್ನು ಇಳಿಸಿ, ಗೆರೆಯವರೆಗೆ ನೀರು ಹೊಯ್ದರು. ಒಂದು ನಿಮಿಷದಲ್ಲಿ ಬುಸುಬುಸು ಹಬೆ ಬಂತು. ಬೆಂಕಿಯೂ ಇಲ್ಲ, ಕಡ್ಡಿಯೂ ಇಲ್ಲ. ಹೆಂಗಸರು ಹಿಂದಕ್ಕೆ ಸರಿದು ಕೂತರು.

"ಇದೇನವ್ವ ಕಣ್ಕಟ್ಟು!" ಎಂದಳು ಸಣ್ಣತಾಯಮ್ಮ.

ಮೆಕ್ಯಾನಿಕ್ ಬಾಬು ಜಾನ್ ಅವರ ಹೆಂಡತಿ ಮುಸರತ್ ಪಕ್ಕದಲ್ಲೇ ಕೂತಿದ್ದಳು. ಅವಳದು ಬೇರೆ ಅನುಮಾನ. "ಅಣ್ಣ, ಒಳಗೆ ಎಂಥ ಮಾಂಸ ಇರ್ತದೋ ನಮಗೆ ಹೆಂಗೆ ಗೊತ್ತಾಗ್ಬೇಕು? ನಮ್ಮತ್ತೆ ಬಿಬಿ ಜಾನ್ ಮನೆ ಒಳಕ್ಕೇ ಬಿಡಲ್ಲ."

"ಈ ಹಸಿರು ಚುಕ್ಕೆ ನೋಡು ತಾಯಿ. ಇದಿದ್ರೆ ಸಸ್ಯಾಹಾರ. ನಿಮ್ಮನೇಲೂ ತಿನ್ಬಹುದು, ಸಣ್ಣತಾಯಮ್ಮೋರ ಸೋಮವಾರಕ್ಕೂ ಆಯ್ತದೆ."

ಎಲ್ಲರೂ ನಕ್ಕರು. ಸಣ್ಣತಾಯಮ್ಮ ನಗಲಿಲ್ಲ. ನಾನು ಅವಳ ಪಾಲಿನ ಆರು ಪೊಟ್ಟಣ ಕೈಗಿಟ್ಟು, "ಎಲ್ರಿಗಿಂತ ಇದು ಬೇಕಾಗಿರೋದು ನಿಮ್ಮನೆಗೇ ಕಣಮ್ಮೋ, ಮರೀಬೇಡ" ಎಂದೆ. ಅವಳ ಗಂಡ ಶಿವಣ್ಣನಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. ಸೂಜಿ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಸಕ್ಕರೆ ಕೆಳಕ್ಕಿಳಿದು ಪ್ರಾಣಕ್ಕೇ ಕುತ್ತು ಬರುತ್ತದೆ.

ಅವತ್ತು ಅವಳು ಮನೆಗೆ ಹೋಗಿ ಮಾಡಿದ್ದು ನನಗೆ ಗೊತ್ತಾದದ್ದು ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಮಂಡಿಯಲ್ಲಿ ಯಾರೂ ಚೀಲ ಬಿಚ್ಚಿ ರಾಗಿ ನೋಡುವುದಿಲ್ಲ. ಚೂಪು ಕಬ್ಬಿಣ ಚುಚ್ಚುತ್ತಾರೆ, ಒಂದು ಹಿಡಿ ಅಂಗೈಗೆ ಬೀಳಿಸಿಕೊಂಡು ಮೂಸುತ್ತಾರೆ, ಆಮೇಲೆ ತೂತನ್ನು ಬೆರಳಿನಿಂದ ತೀಡಿ ಮುಚ್ಚುತ್ತಾರೆ. ಸಣ್ಣತಾಯಮ್ಮ ಜೀವಮಾನದಲ್ಲಿ ಚುಚ್ಚಿ ನೋಡದೆ ಒಂದು ಸೇರು ಕಾಳು ಕೊಂಡವಳಲ್ಲ. ಮನೆಗೆ ಹೋದವಳೇ ಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು ಆರೂ ಪೊಟ್ಟಣಕ್ಕೆ ಒಂದೊಂದು ತೂತು ಮಾಡಿದಳು. ಮೂಸಿದಳು. ವಾಸನೆ ಚೆನ್ನಾಗಿಯೇ ಇತ್ತು. ಆಮೇಲೆ ಚೂರು ರಾಗಿಮುದ್ದೆಯನ್ನು ಬೆರಳಲ್ಲಿ ಮಿದ್ದು ತೂತಿಗೆ ಮೆತ್ತಿ, ಒಣಗಿಸಿ, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟಳು. ತಾನು ಜಾಣತನ ಮಾಡಿದೆ ಅಂತಲೇ ಅವಳ ಲೆಕ್ಕ.

ಒಂದು ತಿಂಗಳು ಕಳೆಯಿತು. ಅಷ್ಟರಲ್ಲಿ ಅರ್ಧ ಊರು ರುಚಿ ನೋಡುವ ನೆಪದಲ್ಲಿ ಪೊಟ್ಟಣ ಖಾಲಿ ಮಾಡಿತ್ತು. ಎದುರು ಮನೆಯ ಕೆಂಪಸಿದ್ದಯ್ಯ ಆರನ್ನೂ ಎರಡೇ ದಿನದಲ್ಲಿ ತಿಂದು, "ಉಪ್ಪು ವಸಿ ಜಾಸ್ತಿ ಕಣವ್ವ" ಅಂತ ನನಗೇ ದೂರು ಹೇಳಿದ. ಉಪ್ಪು ಜಾಸ್ತಿಯೇ. ಅದಕ್ಕೇ ಇದು ದಿನಾ ತಿನ್ನುವ ಊಟವಲ್ಲ, ಬಿ.ಪಿ. ಇರುವವರಿಗಂತೂ ಅಲ್ಲವೇ ಅಲ್ಲ ಅಂತ ಬಾಯಿ ನೋಯುವಷ್ಟು ಹೇಳಿದ್ದೆ. ಯಾರು ಕೇಳಬೇಕು!

ಒಂದು ಗುರುವಾರ ಬೆಳಿಗ್ಗೆ ಹೊಳೆ ಬಂತು. ಶಿವಣ್ಣ ಸೂಜಿ ಚುಚ್ಚಿಕೊಂಡು ತಟ್ಟೆಯ ಮುಂದೆ ಕೂತಿದ್ದ. ಮುದ್ದೆಗೆ ಇಟ್ಟಿದ್ದ ನೀರು ಇನ್ನೂ ಕುದಿಯುತ್ತಿತ್ತು, ಅಷ್ಟರಲ್ಲಿ ಬಾಗಿಲ ಸಂದಿಯಿಂದ ಕೆಂಪು ನೀರು ನುಗ್ಗಿ ಒಲೆಯನ್ನೇ ಆರಿಸಿತು. ಸಣ್ಣತಾಯಮ್ಮನ ಕೈಗೆ ಸಿಕ್ಕಿದ್ದು ಅಟ್ಟದ ಮೇಲಿದ್ದ ಪೊಟ್ಟಣದ ಚೀಲ ಒಂದೇ. ಅದನ್ನು ಸೆರಗಿಗೆ ಕಟ್ಟಿಕೊಂಡು, ಗಂಡನ ರಟ್ಟೆ ಹಿಡಿದು ದಿಬ್ಬ ಹತ್ತಿಸಿದಳು.

ಶಾಲೆಯ ಜಗುಲಿಯಲ್ಲಿ ಶಿವಣ್ಣನನ್ನು ಕಂಡವಳೇ ಹತ್ತಿರಕ್ಕೆ ಓಡಿದೆ. ಅಷ್ಟು ಚಳಿಗಾಳಿಯಲ್ಲೂ ಹಣೆಯ ಮೇಲೆ ಬೆವರು. ಕೈ ಗಡಗಡ ನಡುಗುತ್ತಿತ್ತು. "ಎತ್ತು ಕಟ್ಟಾಕಿದ್ಯಾ?" ಅಂತ ಹೆಂಡತಿಯನ್ನು ಕೇಳಿದ. ಅವರ ಮನೆಯಲ್ಲಿ ಎತ್ತು ಇಲ್ಲದೆ ಹತ್ತು ವರ್ಷವಾಗಿದೆ.

"ಸಕ್ಕರೆ ಇಳೀತಾ ಅದೆ" ಎಂದು ನನ್ನ ಚೀಲದಲ್ಲಿದ್ದ ಸಕ್ಕರೆ ಪೊಟ್ಟಣ ಒಡೆದು, ಇದ್ದ ಮೂರು ಚಮಚ ಸಕ್ಕರೆಯನ್ನೂ ನೀರಿಗೆ ಕಲಸಿ ಕುಡಿಸಿದೆ. ನುಂಗುವಷ್ಟು ಎಚ್ಚರವಿತ್ತು, ಪುಣ್ಯ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು. ಆದರೆ ಆ ಸಕ್ಕರೆ ಎಷ್ಟು ಹೊತ್ತು ತಾಳೀತು? "ಈಗ ಊಟ ಬೀಳ್ಬೇಕು. ಇಲ್ದಿದ್ರೆ ಮತ್ತೆ ಇಳೀತದೆ. ನನ್ನತ್ರ ಇದ್ದ ಸಕ್ಕರೆ ಮುಗೀತು" ಎಂದೆ.

ಸಣ್ಣತಾಯಮ್ಮ ಸೆರಗು ಬಿಚ್ಚಿದಳು. ಆರು ಪೊಟ್ಟಣದಲ್ಲಿ ನಾಲ್ಕು ಪೂರಿಯ ಹಾಗೆ ಉಬ್ಬಿದ್ದವು. ಎರಡು ಸೋರಿ ಸೆರಗೆಲ್ಲ ಅಂಟಂಟು, ಗಬ್ಬು ನಾತ. ಹಸಿದಿದ್ದ ಶಿವಣ್ಣ ಅದಕ್ಕೇ ಕೈ ಚಾಚಿದ. ನಾನು ಕೈ ತಡೆದೆ.

"ಬ್ಯಾಡ! ನಾಲಿಗೆ ತುದಿಗೂ ಸೋಕಿಸ್ಬೇಡಿ. ಉಬ್ಬಿರೋದು, ಸೋರಿರೋದು ತಿಂದ್ರೆ ಜೀವಕ್ಕೇ ಅಪಾಯ."

ಸಣ್ಣತಾಯಮ್ಮ ಎದ್ದು ನಿಂತಳು. "ನೋಡುದ್ರಾ? ಇಸ ಅಂತ ನಾ ಆವತ್ತೇ ಬಡ್ಕಂಡೆ! ಕೆಡಕಿಲ್ಲ, ಕೆಡಕಿಲ್ಲ ಅಂದ್ಬುಟ್ಟು ಎಂತಾದ್ ಕೊಟ್ಟವ್ರೆ ನೋಡ್ರವ್ವ! ಈಗ ನನ್ ಗಂಡುಂಗೆ ಏನ್ ತಿನ್ಸ್ಲಿ? ಏಳು ಕುಸುಮ, ಈಗ ಏಳು!"

ಜಗುಲಿಯೆಲ್ಲ ನನ್ನ ಕಡೆ ತಿರುಗಿತು. ಕೆಂಪಸಿದ್ದಯ್ಯ ಹೊಟ್ಟೆ ಹಿಡಿದುಕೊಂಡ. ಪೊಟ್ಟಣ ಉಳಿಸಿಕೊಂಡಿದ್ದ ಒಂದಿಬ್ಬರು ಅದನ್ನು ಹೊಳೆಗೆ ಎಸೆಯಲು ಎದ್ದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ಅನುಮಾನ ಬಂತು. ಬಂದ ಸರಕೇ ಕೆಟ್ಟದ್ದೇನೋ? ನಾನೇ ಊರಿಗೆ ಹಂಚಿದೆನೇನೋ?

ಮುಸರತ್ ಒಂದು ಉಬ್ಬಿದ ಪೊಟ್ಟಣವನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅಕ್ಕ, ಇದೇನಿದು ಕರ್ರಗೆ ಅಂಟಿರೋದು?"

ಉಗುರಿನಿಂದ ಕೆರೆದಳು. ಒಣಗಿದ ಮುದ್ದೆಯ ಚೂರು ಉದುರಿತು. ಕೆಳಗೆ ದುಂಡಗಿನ ತೂತು. ಬುಸ್ಸೆಂದು ಗಾಳಿ ಬಂತು, ನಾತ ಬಂತು. ಮುಸರತ್ ಮೂಗು ಮುಚ್ಚಿಕೊಂಡು ಇನ್ನೊಂದನ್ನು ನೋಡಿದಳು. ಅದರಲ್ಲೂ ಮುದ್ದೆ.

ಎಲ್ಲರೂ ಸಣ್ಣತಾಯಮ್ಮನನ್ನು ನೋಡಿದರು. ಅವಳ ದನಿ ಇಳಿಯಿತು.

"ಚುಚ್ಚಿ ನೋಡ್ದೆ ಕಣವ್ವ. ನೋಡ್ದಲೆ ಎಂಗವ್ವ ತಿನ್ಸದು, ಕಾಯ್ಲೆ ಮನ್ಸುಂಗೆ? ಚೆಂದಾಗೇ ಇತ್ತು. ಮುದ್ದೆ ಮೆತ್ತಿ ಮುಚ್ಚೂ ಮುಚ್ಚಿದ್ದೆ..."

ಅಯ್ಯೋ ದೇವರೇ! ಗಂಡ ಉಳಿಯಲಿ ಅಂತ ಚುಚ್ಚಿದ ದಬ್ಬಳ. ಅದೇ ತೂತಿನಿಂದ ಕ್ರಿಮಿ ಒಳಹೊಕ್ಕಿತ್ತು, ಒಲೆಯ ಕಾವು ಅದನ್ನು ಸಾಕಿತ್ತು.

ಮುಸರತ್ ತನ್ನ ಚೀಲದಿಂದ ಎರಡು ಪೊಟ್ಟಣ ಹೊರತೆಗೆದಳು. "ನಂಗೂ ಅನುಮಾನ ಇತ್ತಮ್ಮ. ಅದಕ್ಕೇ ಚಲುವರಾಜಣ್ಣಂಗೆ ಮೂರು ಸಲ ಫೋನ್ ಮಾಡಿ ಕೇಳ್ದೆ. ತಂಪಾಗಿರೋ ಕಡೆ, ಟ್ರಂಕಲ್ಲಿ ಮಡಗು ಅಂದ್ರು. ಹಂಗೇ ಮಡಗಿದ್ದೆ."

ಶಿವಣ್ಣನ ಕೈ ಮತ್ತೆ ನಡುಗತೊಡಗಿತ್ತು. ಆದರೂ ಸಣ್ಣತಾಯಮ್ಮ ಪೊಟ್ಟಣ ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. "ಇದೂ ಕೆಟ್ಟಿರಕಿಲ್ಲ ಅಂತ ಎಂಗೆ ನಂಬ್ಲಿ?"

ನನಗೆ ಕೂಗಾಡಬೇಕು ಅನ್ನಿಸಿತು. ಕೂಗಾಡಲಿಲ್ಲ. "ನಂಬ್ಬೇಡ. ನೋಡು" ಎಂದೆ. "ಅಂಗೈಲಿ ಒತ್ತು. ಉಬ್ಬಿದೆಯಾ? ಅಂಚೆಲ್ಲ ಬೆರಳಾಡ್ಸು. ಹರಿದಿದೆಯಾ, ಅಂಟಂಟಾಗಿದೆಯಾ? ತಾರೀಕ ನಾ ಓದ್ತೀನಿ, ಇನ್ನೂ ಎಂಟು ತಿಂಗಳದೆ. ಹಸಿರು ಚುಕ್ಕೆ ಇಲ್ಲಿದೆ. ಇಷ್ಟು ಸಾಕು, ದಬ್ಬಳ ಬ್ಯಾಡ."

ಅವಳು ಒತ್ತಿದಳು. ಅಂಚೆಲ್ಲ ಸವರಿದಳು. ಬೆಳಕಿಗೆ ಹಿಡಿದಳು. ಆಮೇಲೆ ಮುಸರತ್ ಕೈಗೆ ಕೊಟ್ಟಳು. "ಬಿಸಿ ಮಾಡವ್ವ, ಬಿರ‍್ನೆ."

ಮುಸರತ್ ತೆಳು ಚೀಲಕ್ಕೆ ಪೊಟ್ಟಣ ಇಳಿಸಿ, ಗೆರೆಯವರೆಗೆ ನೀರು ಹೊಯ್ದು, ಬಾಯಿ ಮಡಚಿ ಜಗುಲಿಯ ತೆರೆದ ಅಂಚಿನಲ್ಲಿ ಇಟ್ಟಳು. ಹಬೆ ಎದ್ದಿತು. ಅಷ್ಟರಲ್ಲಿ ಕೆಂಪಸಿದ್ದಯ್ಯ ಅದರ ಪಕ್ಕವೇ ಕುಕ್ಕರುಗಾಲಲ್ಲಿ ಕೂತು ಬೀಡಿಗೆ ಕಡ್ಡಿ ಗೀರಲು ಹೊರಟ.

"ಲೇ ಕೆಂಪಸಿದ್ದಣ್ಣ! ಬಿಸಾಕು ಕಡ್ಡಿಯ! ಆ ಹಬೇಲಿ ಉರಿಯೋ ಗಾಳಿ ಅದೆ, ಮೀಸೆ ಸುಟ್ಟೋಯ್ತದೆ!" ಎಂದು ಕಿರುಚಿದೆ. ಕಡ್ಡಿಪೆಟ್ಟಿಗೆ ಎಸೆದು ಆಸಾಮಿ ಮೂರು ಮಾರು ಆಚೆ ಹೋಗಿ ಕೂತ.

ಹತ್ತು ನಿಮಿಷವಾಯಿತು. ಮುಸರತ್ ಕೈ ಸುಡದಂತೆ ಬಟ್ಟೆಯಲ್ಲಿ ಪೊಟ್ಟಣವನ್ನು ಎತ್ತಿ, ಹೊರಮೈ ಒರೆಸಿ, ಬಾಯಿ ಹರಿದಳು. ಬಿಸಿಬಿಸಿ ಬೇಳೆ ಕಿಚಡಿ. ಸಣ್ಣತಾಯಮ್ಮ ಮೊದಲ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಳು. ಜಗಿದಳು, ನುಂಗಿದಳು. ಆಮೇಲೆ ಗಂಡನ ಬಾಯಿಗೆ ತುತ್ತು ಇಡತೊಡಗಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಅರ್ಧ ಪೊಟ್ಟಣ ಒಳಗೆ ಹೋದ ಮೇಲೆ ಶಿವಣ್ಣ ಸುತ್ತ ನೋಡಿದ. "ಎತ್ತೆಲ್ಲಿ ಬಂದದು, ನಮ್ಮನೇಲಿ ಎತ್ತೇ ಇಲ್ವಲ್ಲ. ಏನೇನ್ ಮಾತಾಡ್ದೆ ನಾನು?" ಎಂದ. ಆಮೇಲೆ, "ಉಪ್ಪು ಜಾಸ್ತಿ ಅದೆ. ಒಂದು ಮುದ್ದೆ ಇದ್ದಿದ್ರೆ ಸರಿಯಾಗೋದು" ಎಂದ. ಜಗುಲಿಯಲ್ಲಿ ಕೂತವರೆಲ್ಲ ಜೋರಾಗಿ ನಕ್ಕರು. ಸಣ್ಣತಾಯಮ್ಮ ಮುದ್ದೆಯ ಹೆಸರು ಕೇಳಿ ತಲೆ ತಗ್ಗಿಸಿದಳು.

ಮಧ್ಯಾಹ್ನ ದೋಣಿ ಬಂತು. ಶಿವಣ್ಣನನ್ನು ಮಂಡ್ಯದ ಆಸ್ಪತ್ರೆಗೆ ಕಳಿಸಿದೆವು. ಮರುದಿನ ನೀರು ಇಳಿದ ಮೇಲೆ ತಾನೇ ಬಸ್ಸಿಳಿದು ನಡೆದುಕೊಂಡು ವಾಪಸು ಬಂದ. ಕೆಟ್ಟ ಆರು ಪೊಟ್ಟಣವನ್ನು ನಾಯಿ ಬಾಯಿ ಹಾಕದಂತೆ ಆಳಕ್ಕೆ ಹೂತೆವು.

ಆ ದಿನ ನನಗೆ ಸಿಟ್ಟು ಬಂದದ್ದು ಸಣ್ಣತಾಯಮ್ಮನ ಮೇಲಲ್ಲ. ನನ್ನ ಮೇಲೇ. ಪೊಟ್ಟಣ ಕೈಗಿಟ್ಟು ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ಸಲ ಅವರ ಮನೆಗೆ ಹೋಗಿ, ಎಲ್ಲಿಟ್ಟಿದ್ದೀಯಮ್ಮ ತೋರಿಸು ಅಂದಿದ್ದರೆ ಆ ತೂತು ಕಣ್ಣಿಗೆ ಬೀಳುತ್ತಿತ್ತು. ಅನುಮಾನ ಇರುವವರನ್ನು ನೋಡಿ ನಕ್ಕೆವು. ಅನುಮಾನ ತೀರಿಸುವುದು ಹೇಗೆಂದು ಹೇಳಿಕೊಡಲಿಲ್ಲ.

ಹೊಸ ಪೆಟ್ಟಿಗೆ ಬಂದಾಗ ಹಂಚಲು ಕೂತವಳು ಸಣ್ಣತಾಯಮ್ಮನೇ. ಒಂದೊಂದನ್ನೂ ಒತ್ತಿ, ಸವರಿ, ತಾರೀಕು ಓದಿಸಿಕೊಂಡೇ ಕೊಟ್ಟಳು. ಕೆಂಪಸಿದ್ದಯ್ಯ ಕೈ ಚಾಚಿದಾಗ, "ಹೊಳೆ ಬರೋಗಂಟ ಮುಟ್ಟಕಿಲ್ಲ ಅಂತ ಏಳು, ಆಮೇಲೆ ತಕ್ಕೋ" ಎಂದಳು. ಅವಳ ದಬ್ಬಳ ಎಲ್ಲಿದೆ ಅಂತ ಕೇಳಿದೆ. ಪಕ್ಕದಲ್ಲಿದ್ದ ಶಿವಣ್ಣ ಹೇಳಿದ: "ನಾ ಬಚ್ಚಿಟ್ಟಿವ್ನಿ ಕಣವ್ವ. ಜೀವದ ಆಸೆ ಯಾರಿಗಿಲ್ಲ?"

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ಎದ್ದು ನಿಮ್ಮ ಮನೆಯ ಪೊಟ್ಟಣ ಎಲ್ಲಿದೆ ನೋಡಿ. ಒಲೆಯ ಹತ್ತಿರ ಇದ್ದರೆ ತಂಪಾದ, ಒಣಗಿದ, ಎತ್ತರದ ಜಾಗಕ್ಕೆ ಸರಿಸಿ. ತಾರೀಕು ಓದಲು ಬಾರದಿದ್ದರೆ ಓದಿಸಿಕೊಳ್ಳಿ. ಉಬ್ಬಿದ್ದರೆ, ಸೋರಿದ್ದರೆ, ಹರಿದಿದ್ದರೆ ರುಚಿಯನ್ನೂ ನೋಡದೆ ಹೂತುಬಿಡಿ. ಬಿಸಿ ಮಾಡುವ ಚೀಲದ ಬಳಿ ಬೆಂಕಿ ಬೇಡ, ಗಾಳಿಯಾಡುವ ಕಡೆ ಇಡಿ, ಅದರ ನೀರು ಕುಡಿಯಬೇಡಿ. ಆ ಚೀಲ ಇಲ್ಲದಿದ್ದರೆ ಪೊಟ್ಟಣವನ್ನು ಕುದಿಯುವ ನೀರಿಗೆ ಹಾಕಿ. ಅದೂ ಆಗದಿದ್ದರೆ ತಣ್ಣಗೇ ತಿನ್ನಬಹುದು, ಏನೂ ಆಗದು. ಬಾಯಿ ಹರಿದ ಮೇಲೆ ಮಾತ್ರ ಆಗಲೇ ತಿಂದು ಮುಗಿಸಿ, ನಾಳೆಗೆ ಇಡಬೇಡಿ.

ಅನುಮಾನ ಪಡಬೇಡಿ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿ ಅನುಮಾನ ಪಡಿ, ಮೂರು ಸಲ ಫೋನ್ ಮಾಡಿ ಕೇಳಿ, ಕಣ್ಣಿಂದ ನೋಡಿ, ಕೈಯಿಂದ ಒತ್ತಿ. ಚುಚ್ಚಬೇಡಿ, ಅಷ್ಟೆ. ನೀವು ಮಾಡಿದ ತೂತು ನಿಮ್ಮ ಮನೆಯವರ ತಟ್ಟೆಗೇ ಬರುತ್ತದೆ.