ಅಪ್ಪನ ಬಾಯಲ್ಲಿ ಉಳಿದ ಭಾಷೆ

ಜುಲೈ ತಿಂಗಳ ನಡು ಮಧ್ಯಾಹ್ನ. ಊರಿನ ಕಿಟಕಿಗಳೆಲ್ಲ ಮುಚ್ಚಿದ್ದವು. ದೆಸ್ಪೊ ಅಡುಗೆಮನೆಯಲ್ಲಿ ಕೂತು, ಬಿಸಿ ಆರುತ್ತಿದ್ದ ಹಲೂಮಿ ಚೀಸಿನ ತುಂಡುಗಳಿಗೆ ಉಪ್ಪು, ಪುದೀನ ಸವರಿ ಮಡಚಿ ಇಡುತ್ತಿದ್ದಳು. ಆಗ ಮಾವನ ಕೋಣೆಯಿಂದ ಗಂಡಸೊಬ್ಬ ಕೂಗಿದ್ದು ಕೇಳಿಸಿತು.

ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಅವಳು ಕೈ ಒರೆಸಿಕೊಂಡು ಎದ್ದಳು. ಆದರೆ ಅಂಗಳದ ಬಾಗಿಲಿಗೆ ಚಿಲಕ ಹಾಕಿದಂತೆಯೇ ಇತ್ತು. ಕೋಣೆಯಲ್ಲಿ ಮಾವ ಯಾಕುಮಿಸ್ ಒಬ್ಬನೇ ಇದ್ದ. ಪಾರ್ಶ್ವವಾಯು ಹೊಡೆದು ಮೂರು ವಾರವಾಗಿತ್ತು, ಆಸ್ಪತ್ರೆಯಿಂದ ಮನೆಗೆ ಕರೆತಂದು ಎಂಟು ದಿನವಾಗಿತ್ತು. ಅಷ್ಟು ದಿನವೂ ಅವನು ಒಂದು ಶಬ್ದ ಆಡಿರಲಿಲ್ಲ. ಈಗ ಮಂಚದ ಅಂಚಿಗೆ ಜರುಗಿ, ಮುಖವನ್ನು ನೆಲಕ್ಕೆ ಬಾಗಿಸಿ ಮಾತಾಡುತ್ತಿದ್ದ. ಅರ್ಧ ಜೋತುಬಿದ್ದ ಬಾಯಿಂದ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಅದು ಅವನ ಸಣ್ಣ ದನಿಯಲ್ಲ. ದಪ್ಪ ದನಿ, ಎಲ್ಲೋ ಬಹಳ ಆಳದಲ್ಲಿ ನಿಂತವನು ಮೇಲಿನವರನ್ನು ಕರೆಯುವ ಹಾಗೆ ಸುತ್ತ ಗುಂಯ್ ಅನ್ನುವ ದನಿ. ಭಾಷೆಯೂ ಗ್ರೀಕ್ ಅಲ್ಲ.

"ಮಾವ?" ಎಂದಳು ದೆಸ್ಪೊ.

ಮುದುಕ ಅವಳ ಕಡೆ ನೋಡಲಿಲ್ಲ. ಮಾತು ನಿಲ್ಲಿಸಿ, ಉತ್ತರಕ್ಕೆ ಕಾಯುವವನಂತೆ ಸ್ವಲ್ಪ ಹೊತ್ತು ಕಿವಿಗೊಟ್ಟ. ಮತ್ತೆ ಅದನ್ನೇ ಕೂಗಿದ. ಗೋಡೆಯಾಚೆಯ ಕೊಟ್ಟಿಗೆಯಲ್ಲಿ ಆಡುಗಳ ಕೊರಳ ಗಂಟೆ ಒಂದೂ ಅಲುಗಲಿಲ್ಲ.

ಸಂಜೆ ಅವಳ ಗಂಡ ಪಿಯೆರಿಸ್ ಗಾರೆ ಕೆಲಸ ಮುಗಿಸಿ ಬಂದಾಗ ವೈದ್ಯರಿಗೆ ಫೋನ್ ಮಾಡಿದರು. ಹೀಗೂ ಆಗುತ್ತದೆ, ಮಾತೃಭಾಷೆ ಅಳಿಸಿಹೋಗಿ, ಚಿಕ್ಕಂದಿನಲ್ಲಿ ಕಲಿತ ಇನ್ನೊಂದು ಭಾಷೆ ಉಳಿದುಬಿಡುತ್ತದೆ ಎಂದರು ವೈದ್ಯರು. "ನಿಮ್ಮ ತಂದೆಗೆ ಬೇರೆ ಯಾವ ಭಾಷೆ ಬರ್ತಿತ್ತು?"

ಪಿಯೆರಿಸ್ ಉತ್ತರ ಕೊಡದೆ ಫೋನ್ ಇಟ್ಟ. ಅವನಿಗೆ ಗೊತ್ತಿತ್ತು. ದ್ವೀಪದ ಗ್ರೀಕರಿಗೂ ಟರ್ಕರಿಗೂ ಹೊಡೆದಾಟವಾದ ಅರವತ್ತನಾಲ್ಕರ ಚಳಿಗಾಲದವರೆಗೆ ಈ ಊರಲ್ಲಿ ಚರ್ಚಿನ ಕೆಳಗಿನ ಕೇರಿಯೆಲ್ಲ ಟರ್ಕರದೇ. ಅಪ್ಪ ಆ ಕೇರಿಯ ಹುಡುಗರೊಂದಿಗೆ ಆಡಿ ಬೆಳೆದವನು. ಆದರೆ ಪಿಯೆರಿಸ್‌ಗೆ ನಲವತ್ತೆಂಟು ವರ್ಷವಾದರೂ ಅಪ್ಪನ ಬಾಯಿಂದ ಒಂದು ಟರ್ಕಿಶ್ ಪದ ಕೇಳಿದ ನೆನಪಿರಲಿಲ್ಲ.

"ಊರಿಗೆ ಗೊತ್ತಾದ್ರೆ ಕಾಫಿ ಅಂಗಡೀಲಿ ತಲೆ ಎತ್ತೋಕಾಗಲ್ಲ," ಎಂದ ಅವನು. "ಕಿಟಕಿ ತೆಗೀಬೇಡ."

"ಸೆಕೆಗೆ ಸಾಯ್ತಾರೆ ಕಣೋ."

"ಸವ್ವಾಸ್ ಚಿಕ್ಕಪ್ಪನ್ನ ನುಂಗಿದವರ ಭಾಷೆ ಅದು. ಅಜ್ಜಿ ಸಾಯೋವರೆಗೂ ಅವನು ಬರ್ತಾನೆ ಅಂತ ಒಂದು ತಟ್ಟೆ ಇಡ್ತಿದ್ಲು. ಈ ಮನೇಲಿ ಅದು ಕೇಳಿಸಬಾರದು."

ಆದರೆ ಅದು ದಿನವೂ ಕೇಳಿಸಿತು. ಹನ್ನೆರಡರ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಶುರುವಾಗಿ ಎರಡರವರೆಗೆ ನಡೆಯುತ್ತಿತ್ತು. ಒಂದೊಂದು ಪದ ಪಿಯೆರಿಸ್‌ಗೆ ಅರ್ಥವಾದಂತಾಗಿ ತಪ್ಪಿಹೋಗುತ್ತಿತ್ತು. ನಾಲ್ಕನೆಯ ದಿನ ಒಂದು ಪದ ಮಾತ್ರ ತಪ್ಪಲಿಲ್ಲ. ಅದು 'ಯಾಕುಮಿ'. ಅಪ್ಪ ತನ್ನದೇ ಹೆಸರು ಹಿಡಿದು ಕರೆಯುತ್ತಿದ್ದ.

ಆ ಭಾನುವಾರ ನೆರೆಮನೆಯ ಕಲ್ಲಿಸ್ ಅಂಜೂರದ ಬುಟ್ಟಿ ಹಿಡಿದು ಬಂದ. ಎಂಬತ್ತು ದಾಟಿದ ಮುದುಕ, ಯಾಕುಮಿಸ್‌ಗಿಂತ ಸ್ವಲ್ಪ ದೊಡ್ಡವನು. ಬಾಗಿಲು ಮುಚ್ಚಲು ದೆಸ್ಪೊಗೆ ಸಮಯವಾಗಲಿಲ್ಲ. ಒಳಗಿನಿಂದ ಕೂಗು ಬಂದೇಬಿಟ್ಟಿತು. ಕಲ್ಲಿಸ್ ಹೊಸ್ತಿಲಲ್ಲೇ ನಿಂತ.

"ಯಾರದು ಒಳಗೆ?"

"ನಮ್ಮ ಮಾವಾನೇ."

"ಅಲ್ಲ," ಎಂದ ಕಲ್ಲಿಸ್. ಬುಟ್ಟಿಯನ್ನು ಅವಳ ಕೈಗೆ ತುರುಕಿ, ಅಂಗಳದಲ್ಲಿದ್ದ ಪಿಯೆರಿಸ್‌ನ ತೋಳು ಹಿಡಿದು ಬೀದಿಗೆ ಎಳೆದುಕೊಂಡು ಹೋದ. "ನಿನ್ನಪ್ಪನ್ನ ಆ ಕೋಣೆಯಿಂದ ಬದಲಾಯಿಸು. ಕೊಟ್ಟಿಗೆ ಪಕ್ಕ ಮಲಗಿಸಬೇಡ. ಮತ್ತೆ ಕೇಳು, ಟರ್ಕಿಶ್ ಬರೋ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಬೇಡ."

"ಯಾಕೆ ಮಾಮ?"

"ಹೇಳಿದಷ್ಟು ಮಾಡು."

ಮಂಚವನ್ನು ಬೀದಿ ಕಡೆಯ ಕೋಣೆಗೆ ಸಾಗಿಸಿದರು. ಮರುದಿನ ಮಧ್ಯಾಹ್ನ ದೆಸ್ಪೊ ಹೋಗಿ ನೋಡಿದರೆ, ಒಂದು ಕೈ ಒಂದು ಕಾಲು ಸತ್ತ ಮುದುಕ ನೆಲದ ಮೇಲೆ ಇಡೀ ಪಡಸಾಲೆ ತೆವಳಿಕೊಂಡು ಬಂದು, ಹಳೆಯ ಕೋಣೆಯ ಬಾಗಿಲಿಗೆ ತಲೆಯಿಟ್ಟು ಮಲಗಿದ್ದ. ಅಂಗೈ ತರಚಿ ರಕ್ತ ಬಂದಿತ್ತು. ಅದೇ ದನಿಯಲ್ಲಿ, ಈಗ ಬೇಡಿಕೊಳ್ಳುವಂತೆ, ಕೂಗುತ್ತಿದ್ದ.

ಆ ದಿನ ದೆಸ್ಪೊ ಗಂಡನನ್ನು ಕೇಳದೆ ಎಮೆತೆಗೆ ಫೋನ್ ಮಾಡಿದಳು.

ಎಮೆತೆ ಕೆಳಗಿನ ಕೇರಿಯವಳು. ಎಂಟು ವರ್ಷದವಳಿದ್ದಾಗ ತಾಯಿಯೊಂದಿಗೆ ಊರು ಬಿಟ್ಟವಳು, ಈಗ ದ್ವೀಪವನ್ನು ಎರಡು ಮಾಡಿದ ಗೆರೆಯಾಚೆ ಉತ್ತರದಲ್ಲಿ ನಿವೃತ್ತ ದಾದಿ. ಗೆರೆಯ ಗೇಟು ತೆರೆದ ಮೇಲೆ ವರ್ಷಕ್ಕೊಮ್ಮೆ ಬಂದು, ಛಾವಣಿ ಬಿದ್ದ ತನ್ನ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ದೆಸ್ಪೊ ಕರೆದು ಕಾಫಿ ಕೊಡುತ್ತಿದ್ದಳು. ಅವಳು ಬಂದ ದಿನವೆಲ್ಲ ಯಾಕುಮಿಸ್ ಆಡು ಹೊಡೆದುಕೊಂಡು ಗುಡ್ಡಕ್ಕೆ ಹೋಗಿಬಿಡುತ್ತಿದ್ದ.

ಎಮೆತೆ ಬಂದು ಕೂತ ಮೇಲೆಯೇ ಪಿಯೆರಿಸ್‌ಗೆ ತಿಳಿದದ್ದು. ಅವನ ಮುಖ ಕೆಂಪಾಯಿತು.

"ಎಮೆತೆ ಅಕ್ಕ, ಕಾಫಿ ಕುಡಿದು ಹೊರಡಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ನಾವು ಗ್ರೀಕರು, ನೀವು ಟರ್ಕರು. ನಮ್ಮ ಮನೆ ರೋಗ ನಮಗಿರಲಿ."

"ಟರ್ಕಳು ಅಂತ ನೀನು ಹೇಳ್ತೀಯ," ಎಂದಳು ಎಮೆತೆ. ಅವಳ ಗ್ರೀಕ್ ಹರಕು ಮುರುಕಾದರೂ ಇದೇ ಊರಿನ ಎಳೆತ ಅದರಲ್ಲಿತ್ತು. "ಅಲ್ಲಿ ಅನಾತೋಲಿಯದಿಂದ ಬಂದ ನೆರೆಯವಳು ನನ್ನ ಟರ್ಕಿಶ್ ಕೇಳಿ ನಗ್ತಾಳೆ, ನೀನೆಂಥ ಟರ್ಕಳು ಅಂತ. ನೀನು ಅಥೆನ್ಸಿಗೆ ಹೋದಾಗ ನಿನ್ನ ಗ್ರೀಕ್ ಕೇಳಿ ಯಾರೂ ನಗಲಿಲ್ವಾ?"

ಅಥೆನ್ಸಿನ ಹೋಟೆಲಿನವನು ಪಿಯೆರಿಸ್‌ನನ್ನು ಎರಡು ಸಲ 'ಏನಂದ್ರಿ?' ಎಂದು ಕೇಳಿ ಕೊನೆಗೆ ಇಂಗ್ಲಿಷಿನಲ್ಲಿ ಮಾತಾಡಿದ್ದ.

"ನನ್ನ ಚಿಕ್ಕಪ್ಪ ಎಪ್ಪತ್ತನಾಲ್ಕರ ಯುದ್ಧದಲ್ಲಿ ಕಾಣೆಯಾದೋನು," ಎಂದ ಅವನು. "ಒಂದು ಮೂಳೆ ಚೂರೂ ಕೊಟ್ಟಿಲ್ಲ ನಿಮ್ಮವರು."

"ನನ್ನಪ್ಪ ಅರವತ್ತನಾಲ್ಕರಲ್ಲಿ ಹೋದೋರು," ಎಂದಳು ಎಮೆತೆ. "ನಿಮ್ಮವರೂ ಕೊಟ್ಟಿಲ್ಲ."

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಮೂವರೂ ಕೋಣೆಯ ಬಾಗಿಲ ಕಡೆ ನೋಡಿದರು. ಅಂಗಳದಲ್ಲಿ ಜೀರುಂಡೆಗಳ ಸದ್ದು ಒಮ್ಮೆಗೇ ನಿಂತಿತು. ಒಳಗಿನಿಂದ ಆ ದಪ್ಪ ದನಿ ಎದ್ದಿತು.

ಎಮೆತೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಅವಳು ಎದ್ದ ರೀತಿ ಅರವತ್ತು ವರ್ಷದವಳದಾಗಿರಲಿಲ್ಲ. ತಂದೆ ಕರೆದಾಗ ಏಳುವ ಮಗುವಿನಂತೆ ಎದ್ದಳು. ಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತಳು.

"ಏನಂತಾರೆ?" ದೆಸ್ಪೊ ಪಿಸುಗುಟ್ಟಿದಳು.

"ಹಗ್ಗ ಬಿಡು ಯಾಕುಮಿ. ಹಗ್ಗ ಬಿಡು, ನಾನೇ ಕಟ್ಕೋತೀನಿ. ಕಾಲು ಮುರಿದಿದೆ, ಕೈ ಗಟ್ಟಿಯಿದೆ. ಎಳಿ ಯಾಕುಮಿ." ಎಮೆತೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಇದು ಇಸ್ತಾಂಬುಲ್ಲಿನ ಟರ್ಕಿಶ್ ಅಲ್ಲ. ಹಗ್ಗಕ್ಕೆ ಗ್ರೀಕ್ ಮಾತು, ಎಳೆಯೋದಕ್ಕೆ ಟರ್ಕಿಶ್ ಮಾತು. ಬಾವಿ ತೋಡೋರು ಹೀಗೆ ಮಾತಾಡ್ತಿದ್ರು. ಇದು ನಮ್ಮಪ್ಪ, ರಾಯಿಫ್ ಮೇಸ್ತ್ರಿ."

ದೆಸ್ಪೊ ಶಿಲುಬೆಯ ಗುರುತು ಮಾಡಿಕೊಂಡಳು. ಯಾಕುಮಿಸ್ ಮದುವೆಗೆ ಮುಂಚೆ ಏಳೆಂಟು ವರ್ಷ ಯಾರೊಂದಿಗೋ ಬಾವಿ ಕೆಲಸಕ್ಕೆ ಹೋಗುತ್ತಿದ್ದ, ಮೇಲೆ ನಿಂತು ರಾಟೆ ಎಳೆಯುವುದು ಅವನ ಪಾಲಿನ ಕೆಲಸ ಎಂದು ಅತ್ತೆ ಒಮ್ಮೆ ಹೇಳಿದ್ದು ಅವಳು ಕೇಳಿದ್ದಳು.

ಎಮೆತೆ ಮಂಚದ ಪಕ್ಕ ಮಂಡಿಯೂರಿದಳು. ಮುದುಕನ ಕಿವಿಯ ಬಳಿ ಟರ್ಕಿಶಿನಲ್ಲಿ ಏನನ್ನೋ ಕೇಳಿದಳು. ಅವನು ತಟಕ್ಕನೆ ಉತ್ತರ ಕೊಟ್ಟ. ಅದರಲ್ಲಿ ಬೇಸರವಿತ್ತು, ಗೊತ್ತಿರುವುದನ್ನೇ ಕೇಳಿದವನನ್ನು ಗದರುವ ಬೇಸರ.

"ಎಲ್ಲಿದ್ದೀಯ ಮೇಸ್ತ್ರಿ ಅಂತ ಕೇಳಿದೆ," ಎಂದಳು ಎಮೆತೆ. "'ನಿಮ್ಮ ಅಂಗಳದಲ್ಲೇ ಇದ್ದೀನಲ್ಲೋ ಯಾಕುಮಿ. ನಾವಿಬ್ಬರೇ ತೋಡಿದ್ದಲ್ವಾ ಇದನ್ನ' ಅಂತಾರೆ."

ಅವರ ಅಂಗಳದಲ್ಲಿ ಬಾವಿಯೇ ಇರಲಿಲ್ಲ. ಆದರೆ ಪಿಯೆರಿಸ್‌ಗೆ ಹದಿನೆಂಟಾಗಿದ್ದಾಗ, ಗಾರೆ ಕೆಲಸ ಕಲಿತ ಹೊಸತರಲ್ಲಿ, ಅಪ್ಪ ಅವನಿಂದ ಕೊಟ್ಟಿಗೆಗೆ ಕಾಂಕ್ರೀಟ್ ನೆಲ ಹಾಕಿಸಿದ್ದ. ಆಡುಗಳಿಗೆ ಇಷ್ಟು ದಪ್ಪ ಯಾಕಪ್ಪ ಎಂದು ಅವನು ನಕ್ಕಿದ್ದ. ಅಪ್ಪ ನಕ್ಕಿರಲಿಲ್ಲ. ಇನ್ನೊಂದು ಗೇಣು ಹಾಕು ಎಂದಿದ್ದ.

ಪಿಯೆರಿಸ್ ನೇರ ಕಲ್ಲಿಸ್‌ನ ಮನೆಗೆ ಹೋದ. ಕಲ್ಲಿಸ್ ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ದ. ಅವನು ಬರುವುದನ್ನು ಕಂಡು ಕುರ್ಚಿಯಿಂದ ಏಳಲು ಹೋಗಿ ಮತ್ತೆ ಕೂತ.

"ಆ ವಾರ ನಮ್ಮವರಿಬ್ಬರನ್ನ ಅವರು ರಸ್ತೇಲಿ ಹೊಡೆದು ಹಾಕಿದ್ರು," ಎಂದ, ಕೇಳುವ ಮೊದಲೇ. "ಹದಿನಾರು ವರ್ಷದ ಹುಡುಗರು. ತಲೆ ಕೆಟ್ಟಿತ್ತು ಎಲ್ಲರಿಗೂ. ನಾಲ್ಕು ಜನ ಇದ್ವಿ ನಾವು. ಉಳಿದ ಮೂರು ಜನ ಈಗಿಲ್ಲ."

"ಮೇಸ್ತ್ರಿ ಏನು ಮಾಡಿದ್ದ?"

"ಏನೂ ಇಲ್ಲ. ಎದುರಿಗೆ ಸಿಕ್ಕಿದ. ನಿಮ್ಮ ಬಾವಿಗೇ ತಳ್ಳಿದ್ವಿ."

"ಅಪ್ಪ?"

"ಹಗ್ಗ ತಂದ. ನಾವು ಬಂದೂಕು ತೋರಿಸಿದ್ವಿ. ಹಗ್ಗ ಕೆಳಗಿಟ್ಟ."

ಪಿಯೆರಿಸ್‌ಗೆ ಕೇಳಬೇಕಾದದ್ದು ಇನ್ನೊಂದಿತ್ತು. "ಎಷ್ಟು ಹೊತ್ತು ಕೂಗಿದ, ಮಾಮ?"

ಕಲ್ಲಿಸ್ ತನ್ನ ಅಂಗೈಗಳನ್ನು ನೋಡಿಕೊಂಡ. "ಎರಡು ದಿನ. ರಾತ್ರಿಯೆಲ್ಲ ಸುಮ್ಮನಿದ್ದು, ಗಂಟೆ ಹೊಡೆದಾಗ ಶುರು ಮಾಡ್ತಿದ್ದ, ಆಗ ಮೇಲೆ ಜನ ಇರ್ತಾರೆ ಅಂತ. ನಿನ್ನಪ್ಪ ಆ ಎರಡು ದಿನವೂ ಕೋಣೆ ಒಳಗೇ ಕೂತಿದ್ದ. ಮೂರನೇ ದಿನ ಮಣ್ಣು ಹಾಕಿದ್ವಿ." ಆಮೇಲೆ ಪಿಯೆರಿಸ್‌ನ ತೋಳು ಹಿಡಿದುಕೊಂಡ. "ಬಿಡು ಮಗಾ. ಐವತ್ತು ವರ್ಷ ಆಯ್ತು. ನಿನ್ನ ಮಕ್ಕಳು ಈ ಊರಲ್ಲಿ ಬಾಳಬೇಕು. ಅವರು ನಿನ್ನ ಚಿಕ್ಕಪ್ಪನ ಜಾಗ ತೋರಿಸಲಿ, ಆಗ ನಾವೂ ತೋರಿಸೋಣ."

ಇದು ಪಿಯೆರಿಸ್‌ನದೇ ಮಾತಾಗಿತ್ತು. ಕಾಫಿ ಅಂಗಡಿಯಲ್ಲಿ ಎಷ್ಟೋ ಸಲ ಮೇಜು ಗುದ್ದಿ ಹೇಳಿದ್ದ. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ, ಆಚೆ ಕಡೆಯ ಯಾವುದೋ ಊರಿನ ಚಪ್ಪರದ ಕೆಳಗೆ ಇಂಥದೇ ಮುದುಕನೊಬ್ಬ ಇಂಥದೇ ಮಾತು ಹೇಳುತ್ತ ಕೂತಿರುವುದು ಅವನಿಗೆ ಕಂಡಂತಾಯಿತು. ಅವನು ಕೈ ಬಿಡಿಸಿಕೊಂಡು ಬಂದ.

ಮರುದಿನ ಬೆಳಿಗ್ಗೆ ಆಡುಗಳನ್ನು ಹೊರಗೆ ಕಟ್ಟಿದ. ಕಾಣೆಯಾದವರನ್ನು ಹುಡುಕುವ ಎರಡೂ ಕಡೆಯವರ ತಂಡಕ್ಕೆ ತಾನೇ ಫೋನ್ ಮಾಡಿದ. ಹೆಸರು ಹೇಳದಿದ್ದರೂ ಆಗುತ್ತದೆ ಎಂದರು ಅವರು. "ಹೆಸರು ಬರ್ಕೊಳ್ಳಿ," ಎಂದ ಅವನು. ಎಂಟು ದಿನದ ಮೇಲೆ ಬಂದ ತಂಡದಲ್ಲಿ ಎರಡೂ ಕಡೆಯ ತರುಣ ತರುಣಿಯರಿದ್ದರು. ಅಂಗಳದಲ್ಲಿ ಊಟಕ್ಕೆ ಕೂತಾಗ ಯಾರು ಯಾವ ಕಡೆಯವರೆಂದು ದೆಸ್ಪೊಗೆ ಗೊತ್ತಾಗಲಿಲ್ಲ. ಕಾಂಕ್ರೀಟನ್ನು ಒಡೆಯಲು ಅವರು ಯಂತ್ರ ತಂದಿದ್ದರು. ಪಿಯೆರಿಸ್ ಮೊದಲ ಏಟನ್ನು ತಾನೇ ಹಾಕುತ್ತೇನೆಂದು ಸುತ್ತಿಗೆ ಕೇಳಿದ. ನೆಲ ಮೊದಲು ಬಿರುಕು ಬಿಟ್ಟಾಗ ಹನ್ನೆರಡೂವರೆ. ಒಳಗೆ ಕೂಗುತ್ತಿದ್ದ ದನಿ ಅರ್ಧ ಮಾತಿನಲ್ಲಿ ನಿಂತಿತು.

ಅದು ಮತ್ತೆ ಕೇಳಲಿಲ್ಲ. ಯಾಕುಮಿಸ್ ಚಳಿಗಾಲದವರೆಗೆ ಬದುಕಿದ್ದ. ಯಾವ ಭಾಷೆಯಲ್ಲೂ ಇನ್ನೊಂದು ಮಾತಾಡದೆ ತೀರಿಕೊಂಡ. ಮೂವತ್ತಾರು ಅಡಿ ಆಳದಲ್ಲಿ ಸಿಕ್ಕ ಮೂಳೆಗಳು ರಾಯಿಫ್ ಮೇಸ್ತ್ರಿಯವೇ ಎಂದು ಖಾತ್ರಿಯಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಊರಲ್ಲಿ ಅರ್ಧ ಜನ ಪಿಯೆರಿಸ್‌ನೊಂದಿಗೆ ಮಾತು ಬಿಟ್ಟರು. ಕಲ್ಲಿಸ್ ಬೇಲಿಯ ಬಳಿ ಬಂದಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಹೂಳುವ ದಿನ ಎಮೆತೆ ಫೋನ್ ಮಾಡಿದಳು. "ಬರಲೇಬೇಕು ಅಂತಲ್ಲ," ಎಂದಳು.

ನನ್ನದೇ ದೇಶದಲ್ಲಿ ನಾನು ಕಾಗದ ತೋರಿಸಿ ನಡೆಯುವುದಿಲ್ಲ ಎಂದು ಗೇಟು ತೆರೆದ ದಿನದಿಂದ ಹಟ ಹಿಡಿದವನು ಪಿಯೆರಿಸ್. ಆ ಬೆಳಿಗ್ಗೆ ಅವನು ದೆಸ್ಪೊಳೊಂದಿಗೆ ಸಾಲಿನಲ್ಲಿ ನಿಂತು ಗುರುತಿನ ಚೀಟಿ ಚಾಚಿದ. ಆಚೆಯ ಊರಿನ ಗುಡ್ಡ, ಕರೋಬ್ ಮರ, ಬಿಸಿಲಿಗೆ ಒಣಗಿದ ಹುಲ್ಲಿನ ವಾಸನೆ ಎಲ್ಲ ತನ್ನ ಊರಿನದೇ ಆಗಿತ್ತು. ಅದು ಅವನನ್ನು ಹೆದರಿಸಿತು. ಮೂಳೆಗಳನ್ನಿಟ್ಟ ಪೆಟ್ಟಿಗೆ ಬಹಳ ಹಗುರವಾಗಿತ್ತು. ಎಮೆತೆಯ ತಮ್ಮ ತನ್ನ ಹೆಗಲಿನ ಪಕ್ಕ ಜಾಗ ಬಿಟ್ಟು ಅವನ ಕಡೆ ನೋಡಿದ. ಪಿಯೆರಿಸ್ ಹೋಗಿ ಹೆಗಲು ಕೊಟ್ಟ.

ಮಣ್ಣು ಹಾಕಿದ ಮೇಲೆ ಎಮೆತೆ ತನ್ನ ಜನರ ಕಡೆ ತಿರುಗಿ ಟರ್ಕಿಶಿನಲ್ಲಿ ಎರಡು ಮಾತಾಡಿದಳು. ಗಂಡಸರು ತಲೆ ತಗ್ಗಿಸಿದರು. ಏನೆಂದೆ ಎಂದು ದೆಸ್ಪೊ ಕೇಳಿದಾಗ, "ಇವನು ತನ್ನ ಮನೆ ನೆಲ ಒಡೆದ ಅಂದೆ. ಗೊತ್ತಿದ್ದವರು ಇಲ್ಲೂ ಇದ್ದಾರೆ ಅಂದೆ, ಅಷ್ಟೇ," ಎಂದಳು.

ಮರದ ನೆರಳಲ್ಲಿ ಚಹಾ ಕೊಡುತ್ತಿದ್ದರು. ಟೋಪಿ ಹಾಕಿದ ಒಬ್ಬ ಹಣ್ಣು ಮುದುಕ ತನ್ನ ಲೋಟವನ್ನು ಮುಟ್ಟದೆ ಬಹಳ ಹೊತ್ತು ಕೂತಿದ್ದವನು ಕೋಲೂರಿ ಎದ್ದ. ಪಕ್ಕದಲ್ಲಿದ್ದ ಅವನ ಮಗ ಅಂಗಿ ಹಿಡಿದೆಳೆದು ಏನೋ ಗದರಿದ. ಮುದುಕ ಕೊಸರಿಕೊಂಡು ಪಿಯೆರಿಸ್‌ನ ಮುಂದೆ ಬಂದು ನಿಂತು ಮಾತಾಡಿದ. ಎಮೆತೆ ತಡೆದು ತಡೆದು ಹೇಳಿದಳು.

"ಒಂದು ಜಾಗ ಗೊತ್ತಂತೆ. ಐದು ಜನ ಇದ್ದಾರಂತೆ, ನಿಮ್ಮವರು."

ಪಿಯೆರಿಸ್‌ನ ಎದೆಯಿಂದ ಚಿಕ್ಕಪ್ಪನ ಹೆಸರು ಬಾಯಿಯವರೆಗೆ ಬಂತು. ಅವನು ಅದನ್ನು ನುಂಗಿಕೊಂಡ. ಐವರಿಗೂ ಯಾರೋ ತಟ್ಟೆಯಿಟ್ಟು ಕಾದಿರುತ್ತಾರೆ. ಅವನು ತಾನು ಕೂತಿದ್ದ ಕುರ್ಚಿಯನ್ನು ಮುದುಕನ ಕಡೆ ತಳ್ಳಿ, ಕೈ ಹಿಡಿದು ಕೂರಿಸಿದ.

"ಗಾಬರಿ ಬೇಡ ಅಜ್ಜಾ," ಎಂದ. "ಮೊದಲಿಂದ ಹೇಳಿ."