ಮೀನುಪೇಟೆಗೆ ಇಟ್ಟ ಜೋಡಿ

ಹಿಮ್ಮಡಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ — ಹಿಂದಿನಿಂದ ಬರುವ ಲಾರಿಯ ಬೆಳಕು ಬಿದ್ದಾಗಲೆಲ್ಲ ಶೂವಿನ ಬೆಳ್ಳಿ ಪಟ್ಟಿ ಮಿನುಗಿ ಕಣ್ಣಿಗೆ ಚುಚ್ಚುತ್ತದೆ, ಬಿಣಗಾದ ಏರಿನಲ್ಲೂ ಅದರ ತಾಳ ತಪ್ಪಲಿಲ್ಲ, ತಪ್ಪಬೇಕಿತ್ತಲ್ಲ, ಸಂದೇಶ ಲೆಕ್ಕ ಹಾಕಿಟ್ಟದ್ದು ಆ ಏರಿಗೇ, ಅಲ್ಲೇ ವಿಜೇತಾಳ ಕಾಲು ಭಾರವಾಗಿ ಅವಳು ಹಿಂದೆ ಬೀಳಬೇಕು, ಇವನು ಏನೂ ಅರಿಯದವನ ಹಾಗೆ ಪಕ್ಕದಿಂದ ದಾಟಿ ಹೋಗಬೇಕು, ಒಂದೇ ಒಂದು ಸಲ ಗಂಡ ಮುಂದೆ ಹೆಂಡತಿ ಹಿಂದೆ ಅಂತ ಕಾರವಾರದಿಂದ ಓಡಿ ಅಂಕೋಲೆ ಮುಟ್ಟಬೇಕು, ಅಷ್ಟೇ, ಅದಕ್ಕಿಂತ ಹೆಚ್ಚು ಅವನೇನೂ ಬಯಸಿರಲಿಲ್ಲ. ಇವಳು ನೋಡಿದರೆ ಏರು ಮುಗಿದದ್ದೂ ಗೊತ್ತಿಲ್ಲದವಳ ಹಾಗೆ ಹೋಗುತ್ತಿದ್ದಾಳೆ, ಹೆಸರಿಟ್ಟವರನ್ನು ಬಯ್ಯಬೇಕು, ತೊಟ್ಟಿಲಲ್ಲಿದ್ದ ಮಗುವಿಗೆ ವಿಜೇತಾ ಅಂತ ಕರೆದು ಮುಗಿಸಿಬಿಟ್ಟರೆ ಮುಂದೆ ಕಟ್ಟಿಕೊಳ್ಳುವವನ ಗತಿ ಏನು ಅಂತ ಯಾರಾದರೂ ಯೋಚಿಸಿದ್ದರೇ. ಅವಳ ಕಾಲಿಗಿರುವುದು ಹಳೇ ಜೋಡಿ, ಸತ್ತ ಜೋಡಿ, ಬೆಳಿಗ್ಗೆ ಬಾಗಿಲ ಬಳಿ ಇಟ್ಟವನು ಇವನೇ, ಕೈತಪ್ಪಿ ಅಲ್ಲ, ಶೂವಿನ ನಾಲಗೆ ಮಗುಚಿ ಕೆಂಪು ಚುಕ್ಕೆ ನೋಡಿಯೇ ಇಟ್ಟದ್ದು.

ಹಳೇದಾದರೇನಾಯಿತು, ಒಂದು ದಿನಕ್ಕೆ ಕಾಲೇನು ಮುರಿದುಹೋಗುತ್ತದೆಯೇ, ಅವನ ಅಪ್ಪ ಹರಿದ ಚಪ್ಪಲಿಯಲ್ಲೇ ಜನ್ಮ ಕಳೆಯಲಿಲ್ಲವೇ — ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಇದೇ ಸಂದೇಶ ಕಡಲತೀರದಲ್ಲಿ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದ, ಶೂವಿನ ಅಡಿಯ ಫೋಮ್ ಹಾಸಿಗೆಯ ಹತ್ತಿ ಇದ್ದ ಹಾಗೆ, ಒತ್ತಿ ಒತ್ತಿ ಕೂತುಬಿಡುತ್ತದೆ, ಇಂದು ಓಡಿದ್ದಕ್ಕೆ ನಾಳೆ ರಜೆ ಕೊಡಬೇಕು, ಒಂದೇ ಜೋಡಿಯನ್ನು ದಿನಾ ದುಡಿಸಿದರೆ ಶೂವೂ ಸಾಯುತ್ತದೆ, ಮೊಣಕಾಲೂ ಹೋಗುತ್ತದೆ. ಅವನ ಹತ್ತಿರ ಮೂರು ಜೋಡಿ, ನಿಧಾನದ ಓಟಕ್ಕೆ ಬೂದಿ ಬಣ್ಣದ್ದು, ಜೋರಿಗೆ ತೆಳ್ಳಗಿನ ಹಸಿರು, ಉದ್ದ ದಾರಿಗೆ ದಪ್ಪ ಅಡಿಯದ್ದು, ಸರದಿ ತಪ್ಪಿಸಿದವನಲ್ಲ. ಅವಳಿಗೆ ಮಾತ್ರ ಎಷ್ಟು ಅಂಗಡಿ ಹೊಕ್ಕರೂ ಒಂದೇ ಮಾದರಿ ಹೊಂದಿದ್ದು, ಅಗಲ ಪಾದ, ತವರು ಬೆಳಂಬಾರದ ಕಡಲಂಚಿನ ಹೊಯ್ಗೆಯಲ್ಲಿ ಬರಿಗಾಲಲ್ಲಿ ಬೆಳೆದ ಪಾದ, ಹಾಗಾಗಿ ಅದೇ ನೀಲಿಯದ್ದನ್ನೇ ಎರಡು ಜೋಡಿ ತಂದ, ಸರದಿಗೆ. ಮಳೆಗಾಲವಿಡೀ ಹೆದ್ದಾರಿಯಲ್ಲಿ ನೆನೆದು ಒಂದು ಜೋಡಿ ಮುಗಿದುಹೋಯಿತು, ಮೇಲಿಂದ ಚಂದ, ತೊಳೆದರೆ ಹೊಸದು, ಒಳಗೆ ಜೀವ ಇಲ್ಲ. ಆಗ ಇವನೇ ಅವಳ ಉಗುರುಬಣ್ಣ ಕೇಳಿ ತೆಗೆದುಕೊಂಡು ನಾಲಗೆಯ ಅಡಿಗೆ ಚುಕ್ಕೆ ಇಟ್ಟ, ನೋಡೇ, ಚುಕ್ಕೆ ಇದ್ದದ್ದು ಮೀನುಪೇಟೆಗೆ, ಇಲ್ಲದ್ದು ಓಟಕ್ಕೆ, ಮರೀಬೇಡ ಅಂದ. ಅವಳು ನಕ್ಕಿದ್ದಳು, ಶೂ ಲೆಕ್ಕ ಎಲ್ಲ ನಿಮ್ದೇ ಇವ್ರೆ, ನೀವು ಇಟ್ಟದ್ದು ನಾ ಹಾಕ್ತೆ, ನಂಗೆ ಓಡೂದೊಂದೇ ಗೊತ್ತು. ಓಡೂದೊಂದೇ ಗೊತ್ತು ಅಂತೆ, ಅದೊಂದು ಇವನಿಗೂ ಗೊತ್ತಾಗಿದ್ದರೆ.

ಕರೆತಂದವನೂ ಇವನೇ, ಒಬ್ಬನೇ ಓಡಿದರೆ ಬೇಸರ ಬಾರೇ ಅಂತ ಗೋಗರೆದು, ಮೊದಲ ದಿನ ಅವಳು ಚೂಡಿದಾರದಲ್ಲೇ ಬಂದಿದ್ದಳು, ಏದುಸಿರು ಬಿಟ್ಟು ಹೊಯ್ಗೆಯ ಮೇಲೆ ಕೂತಿದ್ದಳು, ಆ ದಿನ ಅವಳ ಮೇಲೆ ಎಷ್ಟು ಪ್ರೀತಿ ಬಂದಿತ್ತು ಅವನಿಗೆ, ಕೈ ಹಿಡಿದು ಎಬ್ಬಿಸಿದ್ದ. ಈಗ ಹಣಕೋಣದ ಜಟ್ಟಪ್ಪ, ದಿನಾ ಬೆಳಿಗ್ಗೆ ಜೊತೆಗೆ ಓಡುವ ಮುದುಕ, ಇವನ ಹೆಗಲ ಮೇಲೇ ಕೈ ಹಾಕಿಕೊಂಡು ಹೇಳುತ್ತಾನೆ, ಸಂದೇಶಾ, ನಿನ್ನ ಹೆಂಡ್ತಿ ಓಡೂದಲ್ಲ ಮಾರಾಯ, ನೀರು ಹರ್ದಾಂಗೆ, ನೀ ಎಂತಕೆ ನೆಲಕ್ಕೆ ಗುದ್ದೂದು. ಇವನ ಕಚೇರಿಗೆ ಅರ್ಜಿ ಹಿಡಿದು ಬಂದವರು ಅವನ ಮುಖವನ್ನೇ ದಿಟ್ಟಿಸಿ, ನೀವು ವಿಜೇತಾ ಮೇಡಮ್ಮರ ಯಜಮಾನ್ರಲ್ದಾ ಅನ್ನುತ್ತಾರೆ, ಹೌದು, ಯಜಮಾನ, ಹಿಂದೆ ಓಡುವ ಯಜಮಾನ. ಕಾರವಾರದ ಅರ್ಧ ಮ್ಯಾರಥಾನಿನಲ್ಲಿ ಇವನು ನಾಲಗೆ ಹೊರಚಾಚಿ ಬಂದು ಮುಟ್ಟುವಾಗ ಅವಳು ಪದಕ ಹಾಕಿಕೊಂಡು, ಬೆವರು ಒಣಗಿಸಿಕೊಂಡು, ಇವನಿಗೆಂದು ಲಿಂಬು ಶರಬತ್ತು ಹಿಡಿದು ನಿಂತಿದ್ದಳು — ಆ ಶರಬತ್ತು ಎಷ್ಟು ಸಿಹಿಯಿತ್ತೋ ಅಷ್ಟು ಹೊಟ್ಟೆ ಉರಿಯಿತು, ಉರಿಯಿತು ಅಂದರೆ ಉರಿಯಿತು, ಸುಳ್ಳೇಕೆ. ಮುಂದಿನ ತಿಂಗಳು ಗೋವಾದಲ್ಲಿ ಪೂರ್ತಿ ಮ್ಯಾರಥಾನ್, ಇಬ್ಬರ ಹೆಸರೂ ಇದೆ, ಇವತ್ತಿನ ಈ ಉದ್ದ ಓಟ ಅದಕ್ಕೇ ತಯಾರಿ, ಅಲ್ಲಿಯೂ ಶರಬತ್ತು ಹಿಡಿದು ನಿಂತಿರುತ್ತಾಳೆ.

ಚೆಂಡಿಯಾ ಬಂತು, ನೌಕಾನೆಲೆಯ ಗೋಡೆ ಕಡಲನ್ನು ಮುಚ್ಚಿಕೊಂಡು ಜೊತೆಗೇ ಓಡುತ್ತದೆ, ಅದರಾಚೆ ಎಲ್ಲೋ ನೆಲೆಗೆಂದು ಹೋದ ಅವನ ಅಜ್ಜನ ಗದ್ದೆ, ತೋರಿಸಲಿಕ್ಕೆ ಈಗ ಗದ್ದೆಯಂಚಿನ ಒಂದು ಹುಣಿಯೂ ಇಲ್ಲ, ಅವಳ ಬೆಳಂಬಾರ ಮಾತ್ರ ಇದ್ದಲ್ಲೇ ಇದೆ, ಕಡಲ ಸಮೇತ, ತಮ್ಮ ತಿಮ್ಮುವಿನ ಸಮೇತ. ತಿಮ್ಮು ನಿನ್ನೆ ಫೋನು ಮಾಡಿದ್ದ, ಭಾವ, ಅಕ್ಕ ಎಷ್ಟೊತ್ತಿಗೆ ಬಂದು ಮುಟ್ತದೆ, ಅಂಕೋಲೆ ಬಸ್‌ಸ್ಟ್ಯಾಂಡಲ್ಲಿ ಹಾರ ಹಿಡ್ಕಂಡು ನಿಲ್ತೆ. ಅಕ್ಕ ಮುಟ್ಟುವುದಂತೆ, ಭಾವ ಪಾರ್ಸಲಿನಲ್ಲಿ ಬರುತ್ತಾನೆಯೇ. ಅದನ್ನೂ ನುಂಗಬಹುದಿತ್ತು, ಇವನಿಗೆ ನುಂಗಲಾಗದ್ದು ಅವಳ ಶೂವಿನ ಲೇಸು. ದಿನಾ ಬೆಳಿಗ್ಗೆ ಅವಳು ಸ್ವಲ್ಪ ಮುಂದೆ ಹೋಗುವುದು, ತಿರುವಿನಲ್ಲಿ ಬಗ್ಗಿ ಲೇಸು ಕಟ್ಟಿಕೊಳ್ಳುವುದು, ಇವನು ಬಂದು ಕೂಡಿಕೊಂಡ ಮೇಲೆ ಏಳುವುದು, ಎಂತದೋ ಈ ಲೇಸು, ಹಾಳಾದ್ದು ನಿಲ್ಲೂದೇ ಇಲ್ಲ ಅನ್ನುವುದು, ತಿಂಗಳುಗಟ್ಟಲೆ ನಂಬಿದ್ದ. ಮೊನ್ನೆ ಹತ್ತಿರದಿಂದ ಕಂಡ, ಎರಡು ಗಂಟು ಬಿಗಿದ ಲೇಸು, ಬಿಚ್ಚಿಯೇ ಇರಲಿಲ್ಲ, ಅವಳ ಬೆರಳು ಸುಮ್ಮನೆ ಗಂಟಿನ ಮೇಲೆ ಆಡುತ್ತಿತ್ತು. ಇವನಿಗಾಗಿ ನಾಟಕ. ಪಾಪ ಗಂಡ, ಹಿಂದುಳಿಯುತ್ತಾನೆ, ನಾಚಿಕೆಯಾಗದಿರಲಿ ಅಂತ. ಎರಡು ಏಟು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದ. ಇವತ್ತು ಬೆಳಿಗ್ಗೆ ಕೈ ತನ್ನಷ್ಟಕ್ಕೆ ನೀಲಿ ಜೋಡಿಗೆ ಹೋಯಿತು, ಚುಕ್ಕೆ ಇದ್ದದ್ದಕ್ಕೆ. ಅವಳು ಕೂದಲಿಗೆ ರಬ್ಬರು ಸುತ್ತುತ್ತಾ ಅರೆನಿದ್ದೆಯಲ್ಲಿ ಕಾಲು ತೂರಿಸಿದಳು, ನೋಡಲೂ ಇಲ್ಲ.

ಬೆಳಕಾಗಿದೆ, ಅಮದಳ್ಳಿ ಹಿಂದೆ ಬಿತ್ತು, ಹಿಮ್ಮಡಿ ಏಳುತ್ತದೆ, ಬೀಳುತ್ತದೆ — ಈಗ ಎಡಗಾಲು ಬೀಳುವ ಸದ್ದು ಬೇರೆ, ಸ್ವಲ್ಪ ಎಳೆದ ಹಾಗೆ, ಹೌದೋ, ಅವನಿಗೆ ಕಂಡದ್ದೋ, ಎದೆಯಲ್ಲಿ ಒಂದು ಸಣ್ಣ ಸಂತೋಷ ಎದ್ದಿತು, ಅದರ ಬೆನ್ನಿಗೇ ಹೇಸಿಗೆ, ಕರೆಯಲೇ, ವಿಜೇತಾ ನಿಲ್ಲೇ ಅನ್ನಲೇ, ಏನಂತ ಹೇಳುವುದು, ಅಂದುಬಿಟ್ಟರೆ ಎಲ್ಲ ಬಾಯಿಬಿಡಬೇಕಾಗುತ್ತದೆ, ಇನ್ನೊಂದು ತಿರುವು ಆಗಲಿ, ಇನ್ನೊಂದೇ. ಅವರ್ಸಾದಲ್ಲಿ ಮೋರಿಕಟ್ಟೆಯ ಹತ್ತಿರ ಅವಳು ಬಗ್ಗಿದಳು. ಕೈ ಲೇಸಿಗೆ ಹೋಯಿತು. ಅಂದರೆ ದಣಿವೇ ಇಲ್ಲ ಇವಳಿಗೆ, ಸತ್ತ ಶೂವಿನಲ್ಲೂ ಮುಂದೆ ಹೋಗಿ ಕಾಯುವಷ್ಟು ಉಸಿರಿದೆ, ಕರುಣೆ ಇದೆ — ಸಿಟ್ಟು ನೆತ್ತಿಗೇರಿತು, ಹತ್ತಿರ ಬಂದವನೇ, ಸಾಕು ಮಾಡೇ ನಾಟಕ, ಲೇಸು ಬಿಚ್ಚಲಿಲ್ಲ ಹೇಳಿ ನಂಗೆ ಗೊತ್ತದೆ ಅಂದ. ಅವಳು ಮುಖ ಎತ್ತಿದಳು, ತುಟಿ ಬೆಳ್ಳಗಾಗಿತ್ತು. ಲೇಸಲ್ಲ ಇವ್ರೆ, ಕಾಲು, ಊರೂಕೇ ಆಗೂದಿಲ್ಲ. ಕಟ್ಟೆಯ ಮೇಲೆ ಕೂತು ಗಂಟು ಬಿಡಿಸಿ ಶೂ ಎಳೆದಳು, ಕಾಲ್ಚೀಲ ಸರಿಸಿದಳು, ಪಾದದ ಗಂಟಿನ ಮೇಲೆ ಬಾತುಕೊಂಡಿದೆ, ಬೆರಳುಗಳಲ್ಲಿ ಚವತಿ ಹಬ್ಬಕ್ಕೆ ಹಚ್ಚಿದ ಅದೇ ಉಗುರುಬಣ್ಣ, ಅಲ್ಲಲ್ಲಿ ಎದ್ದುಹೋದದ್ದು. ಗೋವೆಗೆ ಹೋಗೂಕಾಗ್ತದಾ ಇನ್ನು, ಅವಳು ಕೇಳಿದ್ದು ತನ್ನ ಕಾಲನ್ನೇ. ಇವನು ಬಾಯಿ ತೆರೆದ, ಅದು, ಬೆಳಿಗ್ಗೆ, ಕತ್ತಲಲ್ಲಿ ಜೋಡಿ ಅದಲುಬದಲು — ಅವಳು ಸುಳ್ಳು ಪೂರ್ತಿಯಾಗಲು ಬಿಡಲಿಲ್ಲ. ಚುಕ್ಕೆ ನಂಗೆ ಕಂಡಿತ್ತು, ಹಾಕೂವಾಗ್ಲೇ, ಇದು ಮೀನುಪೇಟೆದು ಅಲ್ದಾ ಅಂದ್ಕಂಡೆ, ಮತ್ತೆ ನೀವೇ ಇಟ್ಟದ್ದು, ಉದ್ದ ಓಟಕ್ಕೆ ಏನೋ ಲೆಕ್ಕ ಇರ್ತದೆ, ನಂಗೆಂತ ತಿಳೀತದೆ ಹೇಳಿ ಸುಮ್ಗಾದೆ. ಲೆಕ್ಕ ಇತ್ತು. ಅವಳ ದನಿಯಲ್ಲಿ ಕೊಂಕು ಇದೆಯೇ ಅಂತ ಹುಡುಕಿದ, ಇದ್ದರೆ ಬದುಕಿಕೊಳ್ಳುತ್ತಿದ್ದ, ಇರಲಿಲ್ಲ. ನೀವು ಓಡಿ ಇವ್ರೆ, ನಾ ಬಸ್ಸಿಗೆ ಬತ್ತೆ, ತಿಮ್ಮು ಹಾರ ಹಿಡ್ಕಂಡು ನಿಂತಿರ್ತಾನೆ, ಒಬ್ರಾದ್ರೂ ಓಡ್ತಾ ಹೋಗ್ಬೇಕಲ್ದಾ — ದಾರಿ ಖಾಲಿ, ಅಂಕೋಲೆಯವರೆಗೆ ಅವನ ಮುಂದೆ ಯಾರೂ ಇಲ್ಲ, ಬೇಕು ಅಂದದ್ದು ಇದೇ, ಕಾಲೆತ್ತಿದರೆ ಆಯಿತು, ಎತ್ತಬೇಕು, ಅವಳ ತೊಡೆಯ ಮೇಲೆ ನೀಲಿ ಶೂ ಬಾಯಿ ತೆರೆದು ಬಿದ್ದಿದೆ, ನಾಲಗೆ ಮಗುಚಿದೆ, ಅಡಿಗೆ ಚುಕ್ಕೆ, ಅವನೇ ಇಟ್ಟದ್ದು, ಕೆಂಪು, ಚುಕ್ಕೆ