ಅಟ್ಟದ ಮೇಲಿದ್ದ ಆರು ಹಲಗೆ

ಮೂವತ್ತೊಂದು ವರ್ಷ ಹಡಗಿನ ಬಾರಿನಲ್ಲಿ ಕಂಡಕಂಡವರ ಗ್ಲಾಸು ತುಂಬಿಸಿದ ಬೋನಿಫಾಸನಿಗೆ ಸ್ವಂತ ಮನೆಯಲ್ಲಿ ಬಾಟಲಿ ಇಡಲು ಒಂದು ಗೇಣು ಜಾಗವಿರಲಿಲ್ಲ. ಫೆನಿ ಅಕ್ಕಿ ಡಬ್ಬದ ಹಿಂದೆ, ರಮ್ಮು ಬಟ್ಟೆಯ ಕಪಾಟಿನಲ್ಲಿ, ಪೋರ್ಟ್ ವೈನು ಮಂಚದ ಕೆಳಗೆ. ನಿವೃತ್ತನಾಗಿ ಗೋವೆಯ ತನ್ನೂರು ಕುಡ್ತರಿಗೆ ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಪಿಯೆದಾದ್ ಈಗಲೂ ರಜೆಗೆ ಬಂದವನಿಗೆ ಬಡಿಸಿದ ಹಾಗೆಯೇ ಬಡಿಸುತ್ತಿದ್ದಳು. ಮೀನಿನ ದೊಡ್ಡ ತುಂಡು ಅವನಿಗೆ, ಗಾಜಿನ ತಟ್ಟೆ ಅವನಿಗೆ, ಕೆಲಸ ಮಾತ್ರ ಒಂದೂ ಇಲ್ಲ. ನಲ್ಲಿ ಸೋರಿದರೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಕೊನೆಯವರೆಗೂ ನೆಂಟನಾಗಿಯೇ ಉಳಿದುಬಿಡುತ್ತೇನೇನೋ ಎಂಬ ದಿಗಿಲು ಅವನಿಗೆ ಹತ್ತಿತ್ತು. ಈ ಗೋಡೆಗೆ ತನ್ನ ಕೈಯಾರೆ ಏನನ್ನಾದರೂ ನೆಟ್ಟರೆ ತಾನೂ ಮನೆಯವನಾದೇನು ಎಂದು ಅವನು ಗಟ್ಟಿಯಾಗಿ ನಂಬಿದ್ದ. ಬಾಟಲಿ ಗೂಡು ಅದಕ್ಕೊಂದು ನೆಪ.

ಮಗಳು ಲೂರ್ದಿನಾಳ ಎರಡನೇ ಬಾಣಂತನಕ್ಕೆಂದು ಪಿಯೆದಾದ್ ವಾಸ್ಕೋಗೆ ಹೋದಳು. ಹನ್ನೆರಡು ದಿನ ಮನೆ ಅವನ ಕೈಗೆ ಸಿಕ್ಕಿತು. ಮರ ಹುಡುಕುತ್ತಾ ಅಟ್ಟ ಹತ್ತಿದರೆ ಹಳೇ ಗೋಣಿಯಡಿ ಆರು ಹಲಸಿನ ಹಲಗೆಗಳು. ಮೇಲೆ ಕಪ್ಪು, ಉಗುರಿನಿಂದ ಕೆರೆದರೆ ಒಳಗೆ ಅರಿಶಿನ. ಗೆದ್ದಲಿಲ್ಲ, ಒಂದು ಹುಳುವಿನ ತೂತೂ ಇಲ್ಲ. ಅಪ್ಪ ಇಟ್ಟು ಹೋದದ್ದಿರಬೇಕು ಎಂದುಕೊಂಡು ಬೋನಿಫಾಸ್ ಕುಣಿಯುವುದೊಂದು ಬಾಕಿ.

ಗರಗಸ ಕೇಳಲು ಹೋದಾಗ ಬಡಗಿ ಇನಾಸ್ ತಾನೇ ಜೊತೆಗೆ ಬಂದ. ಇಬ್ಬರೂ ಒಟ್ಟಿಗೆ ಶಾಲೆ ತಪ್ಪಿಸಿದವರು. ಹಲಗೆಗಳನ್ನು ನೋಡಿದ ಇನಾಸ್ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದು ಯಾರೋ ಅಳತೆ ಹೇಳಿ ಕೊಯ್ಸಿದ ಮರ ಮಾರಾಯ. ಆರೂ ಒಂದೇ ಉದ್ದ. ಪಿಯೆದಾದ್‌ಬಾಯಿನ ಒಂದ್ಮಾತು ಕೇಳು, ಆಮೇಲೆ ಕೊಯ್ಯಿ."

"ಕೇಳಿ ಮಾಡಿದ್ರೆ ಅದು ಅವಳ ಕೆಲಸ ಆಗುತ್ತೆ. ನಂದಾಗಲ್ಲ."

ಇನಾಸ್ ಟವೆಲನ್ನು ಮಡಚಿಟ್ಟು ಗರಗಸ ಕೊಟ್ಟ. ಬಡಗಿ ಟವೆಲು ತೆಗೆದದ್ದಕ್ಕೆ ಅರ್ಥ ಹುಡುಕುವ ತಾಳ್ಮೆ ನಮ್ಮ ಬೋನಿಫಾಸನಿಗೆಲ್ಲಿ?

ಒಂಬತ್ತು ದಿನ ಬೆವರು ಸುರಿಸಿದ. ಉಜ್ಜುಗೊರಡು ಹಿಡಿದು ಅಂಗೈಯಲ್ಲಿ ಬೊಬ್ಬೆ ಬಂತು. ಮೂರು ಅಂತಸ್ತು, ಕೆಳಗೆ ಗ್ಲಾಸುಗಳನ್ನು ತಲೆಕೆಳಗಾಗಿ ತೂಗುಹಾಕಲು ಸೀಳು. ಪ್ರತಿ ಅಂತಸ್ತಿನ ಮುಂದೆ ಎರಡು ಬೆರಳೆತ್ತರದ ತಡೆಪಟ್ಟಿ ಹೊಡೆದಾಗ, ಮನೆ ಅಲೆಗೆ ಸಿಕ್ಕಿ ಓಲಾಡುತ್ತದೆಯೇ ಎಂದು ಇನಾಸ್ ನಕ್ಕ. ತಡೆಪಟ್ಟಿಯಿಲ್ಲದ ಕಡೆ ಬಾಟಲಿ ಇಡಲು ಬೋನಿಫಾಸನಿಗೆ ಕೈಯೇ ಬಾರದು. ಇನ್ನು ಗೋಡೆಯೋ, ನೂರು ವರ್ಷದ ಚಿರೆಕಲ್ಲು. ಡ್ರಿಲ್ಲು ಇಟ್ಟರೆ ಕೆಂಪು ಪುಡಿ ಸುರಿಯಿತು, ಪ್ಲಾಸ್ಟಿಕ್ ಬೆಣೆಗಳು ತೂತಿನೊಳಗೆ ಸುಮ್ಮನೆ ಗಿರಗಿರ ತಿರುಗಿದವು. ಕೊನೆಗೆ ಅದೇ ಹಲಸಿನ ಚೂರಿನಿಂದ ಬೆಣೆ ಕೆತ್ತಿ, ತೂತಿಗೆ ಬಡಿದು, ಅದಕ್ಕೆ ಸ್ಕ್ರೂ ಬಿಗಿದರು. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ನಿಂತಿತ್ತು. ಬೋನಿಫಾಸ್ ಎರಡೂ ಕೈಯಿಂದ ಜೋತುಬಿದ್ದು ಜಗ್ಗಿದ. ಗೂಡು ಮಿಸುಕಲಿಲ್ಲ.

ಪಿಯೆದಾದ್ ಮಧ್ಯಾಹ್ನದ ಬಸ್ಸಿಗೆ ಬಂದಳು. ಅವಳ ಚೀಲ ಕಸಿದುಕೊಂಡು, ಕೈ ಹಿಡಿದು ಪಡಸಾಲೆಗೆ ಕರೆತಂದ. ಸಾಲಾಗಿ ನಿಂತ ಬಾಟಲಿಗಳ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಶಹಬ್ಬಾಸ್ ಎನ್ನುವುದು ಬೇಡ, ಇಷ್ಟೇಕೆ ಗಲೀಜು ಮಾಡಿದೆ ಎಂದು ಬೈದರೂ ಸಾಕು ಎಂದು ಅವನು ಕಾದ. ಮನೆಯವರನ್ನು ತಾನೇ ಬೈಯುವುದು?

ಅವಳು ಬಾಟಲಿಗಳನ್ನು ನೋಡಲಿಲ್ಲ. ಮರವನ್ನು ನೋಡಿದಳು. ನೇರ ಒಳಗೆ ಹೋಗಿ ಏಣಿಯ ನಾಲ್ಕು ಮೆಟ್ಟಿಲು ಹತ್ತಿ, ಅಟ್ಟಕ್ಕೆ ಇಣುಕಿ, ಇಳಿದು ಬಂದಳು.

"ಆರೂ ಕೊಯ್ದ್ಯಾ?"

"ಆರೂನೂ."

"ಮಿಕ್ಕ ತುಂಡು?"

ಬಚ್ಚಲ ಒಲೆಗೆ ಹಾಕಿದೆ, ಎಂಥಾ ಬೆಂಕಿ ಅಂತೀಯ ಎಂದು ಅವನಿನ್ನೂ ಜಂಬದಲ್ಲೇ ಹೇಳಿದ. ಪಿಯೆದಾದ್ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕುಳಿತಳು.

"ಅದು ನಿನ್ನ ಪೆಟ್ಟಿಗೆಗೆ ಅಂತ ತಂದಿಟ್ಟಿದ್ದು, ಬೋನಿ."

"ಯಾವ ಪೆಟ್ಟಿಗೆ?"

"ನಿನ್ನನ್ನ ಹೂಳೋ ಪೆಟ್ಟಿಗೆ."

ಬೋನಿಫಾಸ್ ನಕ್ಕ. ಅವಳು ನಗಲಿಲ್ಲ. ನಗು ಅವನ ಬಾಯಲ್ಲೇ ಒಣಗಿತು. ಬೊಬ್ಬೆಯೆದ್ದ ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ.

ಅವಳು ನೆಲ ನೋಡುತ್ತಲೇ ಹೇಳಿದಳು. ಇಪ್ಪತ್ತೇಳು ವರ್ಷದ ಹಿಂದೆ ಅವನ ಹಡಗಿನ ಅಡುಗೆಮನೆಗೆ ಬೆಂಕಿ ಬಿದ್ದಿತ್ತಲ್ಲ, ಆಗಿನ ಮಾತು. ಬೆಂಕಿ ಬಿದ್ದದ್ದು ಅವನಿಗೆ ಗೊತ್ತು, ಸತ್ತ ಇಬ್ಬರೂ ಗೊತ್ತು. ತನ್ನ ಮೊಣಕೈ ಸುಟ್ಟದ್ದನ್ನು ಪಾರ್ಟಿಗಳಲ್ಲಿ ತಮಾಷೆಯ ಕತೆ ಮಾಡಿ ಹೇಳಿದ್ದೂ ಉಂಟು. ಗೊತ್ತಿಲ್ಲದ್ದು ಒಂದೇ. ಸತ್ತವರ ಪಟ್ಟಿ ಬರೆದ ಪುಣ್ಯಾತ್ಮ ಯಾರೋ, ಅದರಲ್ಲಿ ಇವನ ಹೆಸರನ್ನೂ ಸೇರಿಸಿದ್ದ. ಬುಧವಾರ ಟೆಲಿಗ್ರಾಂ ಬಂತು. ಮುಂದಿನ ಬುಧವಾರ ಶವ ವಿಮಾನದಲ್ಲಿ ಬರುತ್ತದೆಂದು ಅದರಲ್ಲಿತ್ತು. ಅವಳು ಮಡಗಾಂವಿಗೆ ಹೋಗಿ, ಕಪಾಟಿಗೆಂದು ಸುಳ್ಳು ಹೇಳಿ, ಅವನುದ್ದಕ್ಕೆ ಮೂರು ಬೆರಳು ಹೆಚ್ಚಿಟ್ಟು ಹಲಗೆ ಕೊಯ್ಯಿಸಿದಳು. ಗಂಡ ತೆಳು ಮರದೊಳಗೆ ಮಲಗುವುದು ಬೇಡವಾಗಿತ್ತು ಅವಳಿಗೆ. ಸೋಮವಾರ ಇನ್ನೊಂದು ಟೆಲಿಗ್ರಾಂ ಬಂತು, ತಪ್ಪಾಗಿದೆ, ಕ್ಷಮಿಸಿ ಎಂದು. ಎರಡನ್ನೂ ಒಲೆಗೆ ಹಾಕಿದಳು.

"ಹಲಗೆನೂ ಹಾಕ್ಬೇಕಿತ್ತು," ಎಂದ ಬೋನಿಫಾಸ್.

"ಹೆದರಿಕೆ ಆಯ್ತು. ಹಲಗೆ ಅಲ್ಲಿ ಸುಮ್ನೆ ಬಿದ್ದಿರೋ ತನಕ ನೀನು ವಾಪಸ್ ಬರ್ತೀಯ ಅಂತ ಅನ್ಕೊಂಡ್ಬಿಟ್ಟೆ. ಹುಚ್ಚು ಅನ್ನು ಬೇಕಾದ್ರೆ."

ಅವನು ಹಡಗು ಹತ್ತಿದ ಪ್ರತಿ ಸಲವೂ ಅವಳು ಅಟ್ಟ ಹತ್ತಿದ್ದಳು. ಆರೂ ಹಲಗೆ ಒರೆಸಿ, ಗೋಡಂಬಿ ಸಿಪ್ಪೆಯ ಎಣ್ಣೆ ಹಚ್ಚಿ, ಮಗುಚಿಟ್ಟು ಬರುತ್ತಿದ್ದಳು. ಗೆದ್ದಲು ಮುಟ್ಟದಿದ್ದುದು ಅಪ್ಪನ ಪುಣ್ಯದಿಂದಲ್ಲ. ಎಂಟು ತಿಂಗಳಿಂದ ಅವನು ಮನೆಯಲ್ಲೇ ಇದ್ದರೂ ಹಲಗೆ ಇಳಿಸುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಗೂಡನ್ನು ಈಗಲೇ ಕಿತ್ತುಹಾಕುತ್ತೇನೆ ಎಂದು ಅವನು ಸ್ಕ್ರೂಡ್ರೈವರ್ ಹುಡುಕಲು ಹೊರಟ. ಅವಳು ತೋಳು ಹಿಡಿದು ನಿಲ್ಲಿಸಿದಳು. ಕೊಯ್ದದ್ದು ಕೊಯ್ದಾಯಿತು, ಕಿತ್ತರೆ ಮತ್ತೆ ಹಲಗೆಯಾಗುತ್ತದೆಯೇ ಎಂದಳು.

ಬೋನಿಫಾಸನ ತಲೆ ಇನ್ನೂ ಆ ಬುಧವಾರದಲ್ಲೇ ಸಿಕ್ಕಿಕೊಂಡಿತ್ತು. ಊರಲ್ಲಿ ಒಬ್ಬರಾದರೂ ತನಗೆ ಈ ಮಾತು ಆಡಿದ್ದಿಲ್ಲವಲ್ಲ. ಯಾರಿಗೆ ಹೇಳಿದ್ದೆ ಎಂದು ಕೇಳಿದ.

"ಯಾರಿಗೂ ಇಲ್ಲ. ನಿಮ್ಮಮ್ಮನಿಗೂ ಇಲ್ಲ. ಭಾನುವಾರ ಚರ್ಚಲ್ಲಿ ಲೂರ್ದಿನಾಳ ಮೊದಲ ಪರಮಪ್ರಸಾದದ ಹಬ್ಬ ಇತ್ತು. ಬಿಳೀ ಫ್ರಾಕು ಹೊಲಿದಾಗಿತ್ತು. ಬಾಯಿ ಬಿಟ್ರೆ ಮನೆಗೆ ಸೂತಕ. ಭಾನುವಾರದ ತನಕ ಆದ್ರೂ ಅಪ್ಪ ಇರ್ಲಿ ಅವಳಿಗೆ ಅಂತ."

ನಲವತ್ತು ಜನ ಊಟಕ್ಕೆ ಬಂದಿದ್ದರಂತೆ. ಹಂದಿಮಾಂಸದ ಸೊರ್ಪೊತೆಲ್ ಅವಳೇ ಮಾಡಿದಳಂತೆ. ಬೋನಿಫಾಸ್ ಎಲ್ಲಿ, ಯಾವಾಗ ಬರುತ್ತಾನೆ ಎಂದು ಕೇಳಿದವರಿಗೆಲ್ಲ ಮುಂದಿನ ಬುಧವಾರ ಎಂದಳಂತೆ.

ಆ ಭಾನುವಾರದ ಫೋಟೋ ಅವನಿಗೆ ಗೊತ್ತು. ಬಿಳಿ ಫ್ರಾಕಿನ ಮಗಳು, ಅವಳ ಹೆಗಲ ಮೇಲೆ ಕೈಯಿಟ್ಟು ಹಲ್ಲು ಕಾಣುವಂತೆ ನಗುತ್ತಿರುವ ಪಿಯೆದಾದ್. ಹನ್ನೊಂದು ಹಡಗುಗಳಲ್ಲಿ ಅದು ಅವನ ಹಾಸಿಗೆಯ ತಲೆಗಡೆ ಅಂಟಿಕೊಂಡಿತ್ತು. ಜೊತೆಯವರಿಗೆ ತೋರಿಸಿ, ನೋಡಿ, ನಾನಿಲ್ಲದಾಗ ಎಷ್ಟು ಆರಾಮಾಗಿರ್ತಾಳೆ ನನ್ನ ಹೆಂಡ್ತಿ ಎಂದು ಹಾಸ್ಯ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು.

"ಆ ಫೋಟೋದಲ್ಲಿ ನೀನು ನಗ್ತಾ ಇದ್ದೀಯಲ್ಲ, ಪಿಯು."

"ಫೋಟೋದವನು ನಗಿ ಅಂದ. ಮಗು ನನ್ನ ಮುಖಾನೇ ನೋಡ್ತಿತ್ತು. ನಕ್ಕೆ."

ಬೋನಿಫಾಸ್ ಗೂಡಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕುಳಿತ.